ಡಬ್ಬಿಯ ಮೇಲೊಂದು ಊರು

ವೈರಸ್ಸಿನ ವಿಚಾರ ಹೇಳುವಷ್ಟು ಓದಿದವರು ಬೇರೆ ಇದ್ದಾರೆ. ಲಿಸಿಯಾತೆಯ ಕತೆಯನ್ನು ಅವರ್ಯಾರೂ ಹೇಳಲಿಲ್ಲವಲ್ಲ ಎಂದು ನಾನು ಧೈರ್ಯ ಮಾಡುತ್ತಿದ್ದೇನೆ. ತಪ್ಪಿದ್ದರೆ ಕ್ಷಮಿಸಬೇಕು.

ಎಲ್ಲ ಶುರುವಾದದ್ದು ಒಂದು ಸುತ್ತೋಲೆಯಿಂದ. ಹೊಸ ಫ್ಲೂ ವೈರಸ್ಸಿಗೆ ಅದು ಸಿಕ್ಕಿದ ಊರಿನ ಹೆಸರನ್ನೇ ಇಡುತ್ತಾರೆ, ಅದರಿಂದ ಲಸಿಕೆ ಮಾಡಿದರೆ ಡಬ್ಬಿಯ ಮೇಲೂ ಆ ಹೆಸರೇ ಅಚ್ಚಾಗುತ್ತದೆ ಎಂದು ಅದರಲ್ಲಿತ್ತು. ಟೋಂಗಾದ ಮಾಟಾಫೋನು ಎಂಬ ಪುಟ್ಟ ದ್ವೀಪದ ಆಸ್ಪತ್ರೆಯಲ್ಲಿ ಸಹಾಯಕನಾಗಿದ್ದ ಲಿಸಿಯಾತೆ ಅದನ್ನು ಏಳು ಸಲ ಓದಿದ.

ಅವನು ಮನಸ್ಸಿಟ್ಟಿದ್ದ ಹುಡುಗಿ ಮೆಲೆನೈತೆ ಆಕ್ಲೆಂಡಿಗೆ ಹೋಗಿ ಮೂರು ವರ್ಷವಾಗಿತ್ತು. ಅಲ್ಲಿ ಲಸಿಕೆ ಹಾಕುವ ನರ್ಸು. ಮೊದಲು ದಿನಾ ಬರುತ್ತಿದ್ದ ಫೋನು ಈಗ ಕ್ರಿಸ್‌ಮಸ್ಸಿಗೊಂದು, ಈಸ್ಟರಿಗೊಂದು. ದಿನಕ್ಕೆ ನೂರು ಸಲ ಅವಳ ಕಣ್ಣಿಗೆ ಮಾಟಾಫೋನು ಬಿದ್ದರೆ, ಒಂದು ಸಲವಾದರೂ ಜೆಟ್ಟಿಯ ಮೇಲೆ ಕೈಬೀಸುತ್ತ ನಿಂತವನು ನೆನಪಾಗದೆ ಇರುತ್ತಾನೆಯೆ?

ಮಂಗಳವಾರ ವಿಮಾನ ಬರುವ ದಿನ. ಜ್ವರದವರ ಮೂಗಿನಿಂದ ತೆಗೆದ ಮಾದರಿ ಮೆಲ್ಬರ್ನಿನ ಪ್ರಯೋಗಾಲಯಕ್ಕೆ ಹೋಗುವುದು ಅದರಲ್ಲೇ. ಮೂಗಿಗೆ ಹಾಕುವ ಕಡ್ಡಿ ಉಳಿದದ್ದು ಮೂರು. ವಿಷಯವನ್ನು ಅಂಗಡಿಯ ಮಾಕಾನಿಗೆ ಮಾತ್ರ ಗುಟ್ಟಾಗಿ ಹೇಳಿದ್ದ. ಬೆಳಿಗ್ಗೆ ಎಂಟಕ್ಕೆ ಇಡೀ ದ್ವೀಪ, ಇಗರ್ಜಿಗೆ ಹೊರಟಾಗ ಅಲ್ಲಿಯವರು ಮರ್ಯಾದೆಗೆಂದು ಉಡುವ ಚಾಪೆಯನ್ನು ಸೊಂಟಕ್ಕೆ ಸುತ್ತಿಕೊಂಡು, ಸೀನುತ್ತ ಸಾಲಾಗಿ ನಿಂತಿತ್ತು.

"ನಿನ್ನೆಯಿಂದ ನೆಗಡಿ ಕಣಯ್ಯ," ಅಂದ ಮಾಕಾ.

"ನಿನ್ನೆ ನನ್ನ ದೋಣೀಲೇ ಇದ್ಯಲ್ಲ. ಒಂದು ಸಲಾನೂ ಸೀನಲಿಲ್ಲ."

"ಮೀನು ಬೆದರ್ತವೆ ಅಂತ ತಡ್ಕೊಂಡಿದ್ದೆ."

ಅವನ ಮೀಸೆಯಿಂದ ಮೆಣಸಿನಪುಡಿಯ ಘಾಟು ಬರುತ್ತಿತ್ತು. ಲಿಸಿಯಾತೆ ಬೇಡವೆನ್ನುವಷ್ಟರಲ್ಲಿ ಒಂದು ಕಡ್ಡಿಯನ್ನು ಕಿತ್ತುಕೊಂಡು ತಾನೇ ಮೂಗಿಗೆ ತೂರಿಸಿಕೊಂಡ. ಎರಡನೆಯದರಲ್ಲಿ ಪಾದ್ರಿಯ ಹೆಂಡತಿ ನಿಶ್ಚಿಂತೆಯಾಗಿ ಕಿವಿ ಕೆರೆದುಕೊಂಡರು.

ಆಗ ಬಂದಳು ಸೋದರತ್ತೆ ಲುಪೆ, ಪಕ್ಕದ ಕೋಲೋವಾ ದ್ವೀಪದಿಂದ, ಬೆಳಗಿನ ದೋಣಿಯಲ್ಲಿ. ಮೈ ಕೆಂಡದ ಒಲೆ. ಅವಳು ಸೀನಿದ್ದಕ್ಕೆ ಹಿತ್ತಲಿನ ಹಂದಿ ಎದ್ದು ಓಡಿತು. ಅಪ್ಪಟ ಜ್ವರ. ಕೊನೆಯ ಕಡ್ಡಿಯನ್ನು ಲಿಸಿಯಾತೆ ಭಕ್ತಿಯಿಂದ ಅವಳ ಮೂಗಿಗಿಟ್ಟು ತೆಗೆದು, ಮಾದರಿಯ ಜೊತೆ ಹೋಗುವ ಫಾರಂ ತುಂಬಲು ಕೂತ.

"ಏನೋ ಬರೀತಿದೀಯ?"

"ಊರಿನ ಹೆಸರು ಅತ್ತೆ. ಮಾಟಾಫೋನು."

"ಜ್ವರ ಯಾರ್ದು?"

"ನಿಮ್ದು. ಆದ್ರೆ ಸಿಕ್ಕಿದ್ದು ಇಲ್ಲಿ."

"ಹೊತ್ಕೊಂಡು ಬಂದೋಳು ನಾನು. ಕೋಲೋವಾ ಅಂತ ಬರಿ."

ಆ ಸೀಮೆಯಲ್ಲಿ ಸೋದರತ್ತೆಯ ಮಾತು ಮೀರಿದವರಿಲ್ಲ. ಅಣ್ಣನ ಮನೆಯ ಚಾಪೆ ಬೇಕೆಂದರೆ ಚಾಪೆ, ಹಂದಿ ಬೇಕೆಂದರೆ ಹಂದಿ. ಆದರೂ ಲಿಸಿಯಾತೆ ತಗ್ಗಿದ ದನಿಯಲ್ಲಿ ಮೆಲೆನೈತೆಯ ವಿಷಯವನ್ನೆಲ್ಲ ಹೇಳಿಕೊಂಡ. ಅತ್ತೆ ಪೂರ್ತಿ ಕೇಳಿಸಿಕೊಂಡು ಮೂಗು ಒರೆಸಿದಳು.

"ಪಾಪ ಮಗು. ಬರಿ, ಕೋಲೋವಾ."

ಆಕಾಶದಲ್ಲಿ ವಿಮಾನದ ಸದ್ದು ಕೇಳಿಸಿತು. ಅವನು ಬರೆದ.

ಮರುವರ್ಷ ನಿಜಕ್ಕೂ ಆ ವೈರಸ್ಸೇ ಲಸಿಕೆಯಾಯಿತು. ಅತ್ತೆ ಹಂದಿ ಸುಟ್ಟು ಊರಿಗೆಲ್ಲ ಊಟ ಹಾಕಿಸಿದಳು. ಎರಡು ತಿಂಗಳ ಮೇಲೆ, ಹಬ್ಬವಿಲ್ಲದ ದಿನ, ಮೆಲೆನೈತೆಯ ಫೋನು ಬಂತು.

"ಲಿಸಿ, ಲಸಿಕೆ ಡಬ್ಬಿ ಮೇಲೆ ಕೋಲೋವಾ ಅಂತಿದೆ, ನೋಡಿದ್ಯಾ?"

ಅವನು ಫೋನನ್ನು ಕಿವಿಗೆ ಒತ್ತಿಕೊಂಡ. "ಬರೆದು ಕಳಿಸಿದ್ದು ನಾನೇ. ಏನಾದ್ರೂ... ನೆನಪಾಯ್ತಾ?"

"ಅದೇ ಹೇಳೋಣ ಅಂತ ಮಾಡ್ದೆ. ನಮ್ಗೆ ಲಸಿಕೆ ತರೋ ವ್ಯಾನ್ ಡ್ರೈವರ್ ಕೋಲೋವಾದೋರೇ. ಊರಿನ ಹೆಸರು ಓದಿ ಅಲ್ಲೇ ಕೂತು ಕಣ್ಣೀರು ಹಾಕಿದ್ರು. ಸಮಾಧಾನ ಮಾಡ್ತಾ ಮಾಡ್ತಾ ನಂಗೂ ಊರು ನೆನಪಾಯ್ತು. ಮುಂದಿನ ತಿಂಗಳು ನಮ್ಮಿಬ್ರ ಮದುವೆ. ಎಲ್ಲಾ ನಿನ್ನಿಂದಾನೇ, ಲಿಸಿ."

ಮಂಗಳವಾರದ ವಿಮಾನದಲ್ಲಿ ಮಾಟಾಫೋನುವಿಗೂ ಲಸಿಕೆ ಬಂತು. ಲಿಸಿಯಾತೆ ಒಂದೊಂದೇ ಡಬ್ಬಿ ತೆರೆದು ಊರಿಗೆಲ್ಲ ಚುಚ್ಚಿದ. ದಿನಕ್ಕೆ ನೂರು ಸಲ ಕೋಲೋವಾ ಎಂದು ಓದಿದ, ನೂರು ಸಲವೂ ಅವಳು ನೆನಪಾದಳು.

ಅತ್ತೆಗೆ ಆ ಜ್ವರ ಅಂಟಿದ್ದು ಕೋಲೋವಾದಲ್ಲೋ, ಹಿಂದಿನ ಸಲ ಬಂದಾಗ ಮಾಟಾಫೋನುವಿನ ಜೆಟ್ಟಿಯಲ್ಲೋ, ನಡುವಿನ ದೋಣಿಯಲ್ಲೋ, ಮೆಲ್ಬರ್ನಿನವರು ಹೇಳಿಲ್ಲ. ನನಗೂ ಗೊತ್ತಿಲ್ಲ.