ಮೇಘನಾ ಕೊಟ್ಟ ಮೊದಲ ಇಂಜೆಕ್ಷನ್

ಇಂಜೆಕ್ಷನ್ ಕೊಡುವುದನ್ನು ಕಲಿಸುವುದು ನನ್ನ ಕಸುಬು. ಹೀಗೆಂದರೆ ಮೈಸೂರಿನ ನಮ್ಮ ಸೋದರಮಾವ ನಂಬುವುದಿಲ್ಲ. "ನೀನು ಡಾಕ್ಟರಲ್ವಲ್ಲೋ" ಎನ್ನುತ್ತಾರೆ. ಅಮೆರಿಕದಲ್ಲಿ ಔಷಧಿ ಅಂಗಡಿಯಲ್ಲೇ ಫ್ಲೂ ಲಸಿಕೆ ಹಾಕುತ್ತಾರೆ, ಹಾಕುವವರು ಫಾರ್ಮಸಿ ಓದಿದವರು, ಡೆಟ್ರಾಯಿಟ್ ಹತ್ತಿರದ ಕಾಲೇಜಿನಲ್ಲಿ ಅವರಿಗೆ ಅದನ್ನು ಹೇಳಿಕೊಡುವವನು ನಾನು ಎಂದು ವಿವರಿಸಿದೆ. ಮಾವ, "ಹಾಗಾದ್ರೆ ಕಂಪೌಂಡರ್‌ಗಳ ಮೇಷ್ಟ್ರು ಅನ್ನು" ಎಂದರು. ಅಂದಿನಿಂದ ನನ್ನ ಹೆಂಡತಿ ನಳಿನಿ ಎಲ್ಲರಿಗೂ ನನ್ನನ್ನು ಹಾಗೆಯೇ ಪರಿಚಯಿಸುತ್ತಾಳೆ.

ಪರಿಚಯಿಸುತ್ತಿದ್ದಳು ಎನ್ನಬೇಕು. ಕಳೆದ ವರ್ಷ ಅವಳಿಗೆ ಶಿಕಾಗೋ ಕಡೆ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಒಳ್ಳೆಯ ಕೆಲಸ ಸಿಕ್ಕಿತು. ಪ್ಲೇನ್‌ಫೀಲ್ಡ್‌ನಲ್ಲಿ ಅಪಾರ್ಟ್‌ಮೆಂಟ್ ಹಿಡಿದಳು. ನಾನು ಡೆಟ್ರಾಯಿಟ್ ಪಕ್ಕದ ವೆಸ್ಟ್ ಬ್ಲೂಮ್‌ಫೀಲ್ಡ್‌ನ ನಮ್ಮ ಮನೆಯಲ್ಲೇ ಉಳಿದೆ. ಒಂದು ವಾರಾಂತ್ಯ ಅವಳು ಬರುವುದು, ಇನ್ನೊಂದು ವಾರಾಂತ್ಯ ನಾನು ಹೋಗುವುದು ಎಂದು ಒಪ್ಪಂದ. ಶಿಕಾಗೋದ ಗಡಿಯಾರ ನಮ್ಮದಕ್ಕಿಂತ ಒಂದು ಗಂಟೆ ಹಿಂದೆ, ಹೋದಾಗಲೆಲ್ಲ ಒಂದು ಗಂಟೆ ಲಾಭ ಎಂದು ಸ್ನೇಹಿತರ ಮುಂದೆ ತಮಾಷೆ ಮಾಡಿದೆ. ಸಂಜೆ ಒಬ್ಬನೇ ಸಾರಿಗೆ ಒಗ್ಗರಣೆಯಿಡುತ್ತ, ಇಂಗು ಎಲ್ಲಿದೆಯೆಂದು ಅವಳಿಗೆ ಫೋನ್ ಮಾಡುವಾಗ ತಮಾಷೆ ಹೊಳೆಯುವುದಿಲ್ಲ. ಇಂಗು ಎಲ್ಲಿದೆಯೆಂದು ನನಗೆ ಚೆನ್ನಾಗಿ ಗೊತ್ತು.

ಇರಲಿ, ಹೇಳಹೊರಟಿದ್ದು ಮೇಘನಾಳ ವಿಷಯ. ಆನ್ ಆರ್ಬರ್‌ನಲ್ಲಿ ಹುಟ್ಟಿ ಬೆಳೆದ ಕನ್ನಡದ ಹುಡುಗಿ, ನನ್ನ ವಿದ್ಯಾರ್ಥಿನಿ. ಕನ್ನಡ ಸಂಘದ ಹಬ್ಬದೂಟದಲ್ಲಿ ಅಂಕಲ್ ಎನ್ನುವವಳು ತರಗತಿಯಲ್ಲಿ ಪ್ರೊಫೆಸರ್ ಎನ್ನುತ್ತಾಳೆ. ಭುಜದ ಮೂಳೆಯಿಂದ ಎಷ್ಟು ಕೆಳಗೆ, ಸೂಜಿ ಎಷ್ಟು ನೇರ, ಎಲ್ಲ ಅವಳಿಗೆ ಬಾಯಿಪಾಠ. ಸ್ಪಂಜಿಗೆ ಚುಚ್ಚುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಉಸಿರಾಡುವ ಮನುಷ್ಯರ ತೋಳು ಕಂಡರೆ ಮಾತ್ರ ಸೂಜಿ ಮುಂದೆ ಹೋಗುವುದಿಲ್ಲ. ಆ ಗುರುವಾರ ಪರೀಕ್ಷೆ, ಒಬ್ಬರಿಗೊಬ್ಬರು ನಿಜವಾದ ಫ್ಲೂ ಲಸಿಕೆ ಹಾಕಬೇಕು. ಪಾಸಾಗದಿದ್ದರೆ, ಉಳಿದವರೆಲ್ಲ ಅಂಗಡಿಗಳಿಗೆ ತರಬೇತಿಗೆ ಹೊರಟಾಗ ಇವಳೊಬ್ಬಳು ಹಿಂದೆ ಉಳಿಯಬೇಕು. ಗೆಳತಿಯ ತೋಳಿನವರೆಗೆ ಸೂಜಿ ಒಯ್ದಳು, ವಾಪಸಿಟ್ಟಳು. "ಐ ಕಾಂಟ್ ಹರ್ಟ್ ಹರ್, ಪ್ರೊಫೆಸರ್" ಎಂದಳು. ಕಣ್ಣು ತುಂಬಿತ್ತು.

ನಾನಿನ್ನೂ ಆ ವರ್ಷದ ಫ್ಲೂ ಲಸಿಕೆ ಹಾಕಿಸಿಕೊಂಡಿರಲಿಲ್ಲ. ಪರೀಕ್ಷೆಯ ಉಸ್ತುವಾರಿಯನ್ನು ನನ್ನ ಜೊತೆ ಪಾಠ ಹೇಳುವ ಕ್ಯಾರಲ್‌ಗೆ ಒಪ್ಪಿಸಿ, ಅಂಗಿಯ ಎಡತೋಳು ಮಡಚಿ ಕುರ್ಚಿಯಲ್ಲಿ ಕೂತೆ. "ನನಗೆ ಕೊಡು. ಎದುರಿಗೆ ಕೂತವರನ್ನ ಮಾತಿಗೆಳೀಬೇಕು ಅಂತ ಹೇಳಿಕೊಟ್ಟಿದೀನಲ್ಲ, ಹಾಗೆ ಮಾಡು" ಎಂದೆ. ಅವಳು ಏನು ಕೇಳುವುದೆಂದು ತಡವರಿಸಿದಳು. ಆಮೇಲೆ ಕನ್ನಡದಲ್ಲಿ, ಮೆಲ್ಲಗೆ, "ಅಂಕಲ್, ಆಂಟಿ ಹೇಗಿದಾರೆ?" ಎಂದಳು.

ಚೆನ್ನಾಗಿದಾರೆ ಎಂದು ಒಂದೇ ಮಾತಿನಲ್ಲಿ ಮುಗಿಸಬಹುದಿತ್ತು. ಆದರೆ ಈ ಪ್ರಶ್ನೆಯನ್ನು ಉತ್ತರಕ್ಕಾಗಿ ನಿಂತು ಯಾರೂ ಕೇಳಿರಲಿಲ್ಲ. ಆಂಟಿ ಚಿಕ್ಕ ಕಾಫಿ ಫಿಲ್ಟರ್ ತಗೊಂಡು ಹೋದರು, ದೊಡ್ಡದರಲ್ಲಿ ಒಬ್ಬನಿಗೆ ಡಿಕಾಕ್ಷನ್ ಹಾಕಿದರೆ ನೀರಾಗಿ ಇಳಿಯುತ್ತದೆ ಎಂದೆ. ಕರಿಬೇವಿನ ಕುಂಡವನ್ನೂ ಒಯ್ದರು, ಕಿಟಕಿಯ ಹತ್ತಿರ ಅದರ ಕಲೆ ಹಾಗೇ ಇದೆ, ಒರೆಸಲು ಮನಸ್ಸಿಲ್ಲ ಎಂದೆ. ಪಕ್ಕದ ಮನೆಯ ಗ್ಯಾರೇಜ್ ಬಾಗಿಲಿನ ಸದ್ದಾದರೂ ಎದ್ದು ನೋಡುತ್ತೇನೆ ಎಂದೆ. ಇನ್ನೂ ಏನೇನೋ ಹೇಳುತ್ತಿದ್ದೆ. ಮೇಘನಾ ನನ್ನ ಭುಜ ಮುಟ್ಟಿ, "ಅಂಕಲ್, ಆಗೋಯ್ತು" ಎಂದಳು. ನೋಡಿದರೆ ತೋಳಿಗೆ ಪಟ್ಟಿಯೂ ಅಂಟಿತ್ತು. ಚುಚ್ಚಿದ್ದು ನನಗೆ ಗೊತ್ತೇ ಆಗಿರಲಿಲ್ಲ. ಕನ್ನಡದ ಗಂಧವಿಲ್ಲದ ಕ್ಯಾರಲ್ ಪೂರ್ತಿ ಅಂಕ ಬರೆದು, ನನ್ನ ಮುಖ ನೋಡದೆ ಒಂದು ಲೋಟ ನೀರು ತಂದುಕೊಟ್ಟಳು.

ಸಂಜೆ ನಳಿನಿಗೆ ಫೋನ್ ಮಾಡಿ, ಮೇಘನಾ ಇಂಜೆಕ್ಷನ್ ಕೊಟ್ಟಿದ್ದನ್ನು ಹೇಳಿದೆ. ಆ ವಾರ ಬರಬೇಕಾದವಳು ಅವಳು, ಆದರೆ ಶನಿವಾರ ಮಧ್ಯಾಹ್ನದವರೆಗೆ ಡ್ಯೂಟಿ ಬಿದ್ದಿತ್ತು.

"ಕೈ ತುಂಬಾ ನೋಯ್ತಿದೆ" ಎಂದೆ.

"ಯಾವ ಕೈ?"

"ಎಡಗೈ. ಜ್ವರಾನೂ ಬರೋ ಹಾಗಿದೆ."

"ಡ್ರೈವ್ ಮಾಡೋಕೆ ಬಲಗೈ ಸಾಕಲ್ಲ. ನೀವೇ ಬಂದ್ಬಿಡಿ."

ಅವಳು ಬರಲಿ ಎಂದು ಹೂಡಿದ ಆಟ ತಿರುಗುಮುರುಗಾಗಿ ಶುಕ್ರವಾರ ನಾನೇ ಹೊರಟೆ. ಪ್ಲೇನ್‌ಫೀಲ್ಡ್‌ನಲ್ಲಿ ಬಾಗಿಲು ತೆಗೆದವಳು, ನಾನು ಶೂ ಬಿಚ್ಚುವ ಮೊದಲೇ ನನ್ನ ಅಂಗಿಯ ತೋಳು ಮೇಲೇರಿಸಿ, ಪಟ್ಟಿ ಕಿತ್ತು, ದೀಪದ ಕೆಳಗೆ ಹಿಡಿದು ನೋಡಿದಳು.

"ಗುರುತೇ ಇಲ್ಲ. ಎಷ್ಟು ಚೆನ್ನಾಗಿ ಕೊಟ್ಟಿದಾಳೆ ಆ ಹುಡುಗಿ" ಎಂದಳು.

ಹಿಂದಿನ ದಿನ ಇದೇ ಹುಡುಗಿಯ ಪೂರ್ತಿ ಅಂಕ ಕಂಡು ಹೆಮ್ಮೆಪಟ್ಟಿದ್ದೆ. ಈಗ ಮಾತ್ರ, ಒಂದಿಷ್ಟು ಊತವನ್ನಾದರೂ ಉಳಿಸಬಾರದಿತ್ತೇ ಎನಿಸಿತು. ನಳಿನಿ ಹೆಬ್ಬೆರಳಿನಿಂದ ಮೆತ್ತಗೆ ಒತ್ತಿ, "ಇಲ್ಲಿ ನೋಯತ್ತಾ?" ಎಂದಳು.

"ಅಲ್ಲಲ್ಲ, ಇನ್ನೂ ಸ್ವಲ್ಪ ಈ ಕಡೆ" ಎಂದರು ಕಂಪೌಂಡರ್‌ಗಳ ಮೇಷ್ಟ್ರು.