ಬೀಗರಿಗೆ ಬಿದ್ದ ಬೀಗ

ನಮ್ಮ ಕಾರಿನ ನಾಲ್ಕು ಬಾಗಿಲುಗಳಲ್ಲಿ ಮೂರು ನನ್ನ ಮಾತು ಕೇಳುತ್ತಿದ್ದವು. ಸಿದ್ಧಾರ್ಥನಗರದ ನಮ್ಮ ಮನೆಯಲ್ಲಿ ಇನ್ಯಾವುದೂ ನನ್ನ ಮಾತು ಕೇಳದಿರುವಾಗ ಇದು ಸಣ್ಣ ಸಾಧನೆಯೇನಲ್ಲ. ರಿಮೋಟಿನ ಗುಂಡಿ ಒತ್ತಿದರೆ ‘ಟಕ್’ ಎಂದು ಮೂರು ಬಾಗಿಲಿನ ಬೀಗ ಕಳಚುತ್ತಿತ್ತು. ಹಿಂದಿನ ಎಡಬಾಗಿಲು ಮಾತ್ರ, ಕರೆಯೋಲೆಯಲ್ಲಿ ಹೆಸರು ಬಿಟ್ಟುಹೋದ ಸೋದರಮಾವನ ಹಾಗೆ, ಮುಖ ಬಿಗಿದುಕೊಂಡು ಕೂತಿರುತ್ತಿತ್ತು.

ಅದನ್ನು ನಾನು ಹಾಗೇ ಬಿಟ್ಟುಬಿಡುತ್ತಿದ್ದೆನೋ ಏನೋ. ಆದರೆ ಆ ಭಾನುವಾರ ಬೀಗರು ಬರುವವರಿದ್ದರು. (ಇನ್ನೂ ಆಗಿರಲಿಲ್ಲ, ಆಗಬೇಕಿತ್ತು.) ಮಗಳು ಸಮನ್ವಿತಾ, ಅವಳ ಜೊತೆ ಕೆಲಸ ಮಾಡುವ ಪವಮಾನ, ಇಬ್ಬರೂ ಒಬ್ಬರನ್ನೊಬ್ಬರು ಒಪ್ಪಿಯಾಗಿತ್ತು. ಹುಡುಗನ ತಂದೆ ಶಾಮಣ್ಣನವರೂ ತಾಯಿಯೂ ಹಾಸನದಿಂದ ರೈಲಿನಲ್ಲಿ ಬಂದು, ನಮ್ಮನ್ನು ನೋಡಿ, ‘ಹೂಂ’ ಅನ್ನುವುದೊಂದು ಬಾಕಿ. ಅಂಥವರೆದುರು ಮುಂದಿನ ಸೀಟಿನಿಂದ ಅರ್ಧ ದೇಹ ಹಿಂದಕ್ಕೆ ತೂರಿಸಿ ಬಾಗಿಲು ತೆಗೆಯುವುದು ಹೆಣ್ಣಿನ ತಂದೆಗೆ ಶೋಭಿಸುತ್ತದೆಯೆ?

“ಕೆಸರೆ ಮಹೇಂದ್ರನಿಗೆ ಫೋನ್ ಮಾಡ್ರೀ. ಗ್ಯಾರೇಜಿನವನು, ಹತ್ತು ನಿಮಿಷದಲ್ಲಿ ಸರಿ ಮಾಡ್ತಾನೆ,” ಎಂದಳು ಹೆಂಡತಿ ಚೂಡಾಮಣಿ.

“ಇಪ್ಪತ್ತೆಂಟು ವರ್ಷ ಕರೆಂಟಿನ ಇಲಾಖೇಲಿದ್ದವನು ಕಣೇ ನಾನು!”

“ಅಲ್ಲಿ ನೀವು ನೋಡ್ಕೋತಿದ್ದಿದ್ದು ರಜಾ ಅರ್ಜಿ.”

(ನಿಜ. ಆದರೆ ಲೈನ್‌ಮನ್‌ಗಳ ರಜಾ ಅರ್ಜಿ.)

ಶನಿವಾರ ಬೆಳಿಗ್ಗೆಯೇ ರೋಗನಿದಾನಕ್ಕೆ ಕೂತೆ. ಮೊದಲು ರಿಮೋಟಿನ ಬಿಲ್ಲೆ ಬ್ಯಾಟರಿ ಬದಲಿಸಿದೆ. ಈಗ ನಾಲ್ಕು ಬಾಗಿಲೂ ಜಪ್ಪಯ್ಯ ಅನ್ನಲಿಲ್ಲ. ಪಕ್ಷಪಾತವಾದರೂ ತಪ್ಪಿತಲ್ಲ ಎಂದು ಸಮಾಧಾನಪಡುವಷ್ಟರಲ್ಲಿ ಬ್ಯಾಟರಿಯನ್ನು ಮಗುಚಿ ಹಾಕಿದ್ದೇನೆಂದು ಮಗಳು ತೋರಿಸಿಕೊಟ್ಟಳು. ತಿರುಗಿಸಿ ಹಾಕಿದರೆ ಮತ್ತೆ ಅದೇ ಮೂರು. ಆಮೇಲೆ ಒಂದು ಫ್ಯೂಸ್ ಕಿತ್ತು ನೋಡಿದೆ. ಹಾರ್ನ್ ಮೂಕವಾಯಿತು. ಅದನ್ನು ಇದ್ದಲ್ಲೇ ಸಿಕ್ಕಿಸಿ, ಹಿತ್ತಲಿನ ಒಗೆಯುವ ಕಲ್ಲಿನ ಮರೆಗೆ ಹೋಗಿ, ಮಹೇಂದ್ರನಿಗೆ ಪಿಸುದನಿಯಲ್ಲಿ ಫೋನ್ ಮಾಡಿದೆ.

“ಸಾ, ಮೂರು ಡೋರ್ ಬತ್ತವೆ, ಒಂದು ಬರಲ್ಲ ಅಂದ್ರೆ ಬ್ಯಾಟ್ರಿನೂ ಅಲ್ಲ, ಫ್ಯೂಸೂ ಅಲ್ಲ. ಡೋರ್‌ಗೂ ಬಾಡಿಗೂ ಮಧ್ಯೆ ಒಂದು ರಬ್ಬರ್ ಕೊಳವೆ ಅದೆ ನೋಡಿ, ಅದ್ರೊಳಗೆ ವೈರು ಕಟ್ಟಾಗದೆ. ಬಾಗ್ಲು ತೆಗ್ದು ಹಾಕಿ, ತೆಗ್ದು ಹಾಕಿ ಸವೆದೋಗಿರ್ತದೆ. ನೀವು ಕೈ ಹಾಕ್ಬೇಡಿ, ನಾನೇ ಬಂದ್ಬುಡ್ತೀನಿ.”

ಕೊನೆಯ ವಾಕ್ಯ ಸರಿಯಾಗಿ ಕೇಳಿಸಲಿಲ್ಲ ಎಂದು ನಾನು ತೀರ್ಮಾನಿಸಿದೆ. ರಬ್ಬರ್ ಸರಿಸಿ ನೋಡಿದರೆ, ಆಹಾ, ಎರಡು ವೈರು ತುಂಡಾಗಿದ್ದವು! ಗಂಟು ಹಾಕಿ, ಎರಡನ್ನೂ ಸೇರಿಸಿ, ಮುರಿದ ಮೊಣಕೈಗೆ ಕಟ್ಟುವಷ್ಟು ಟೇಪು ಸುತ್ತಿದೆ. ಬಾಗಿಲಿನ ಅಂಚಿನಲ್ಲಿ ಒಂದು ಪುಟ್ಟ ಕೀಲು ಎದ್ದು ನಿಂತಿತ್ತು, ಅಂದಗೇಡು. ಅದನ್ನೂ ಒತ್ತಿ ಕೂರಿಸಿದೆ. ಒಂದು ಕಡೆ ಮಾಡಿದ ಮೇಲೆ ಇನ್ನೊಂದು ಕಡೆಯದನ್ನು ಬಿಡುವುದುಂಟೆ? ಅಲ್ಲೂ ಒತ್ತಿದೆ. ಗುಂಡಿ ಅದುಮಿದೆ. ಟಕ್! ನಾಲ್ಕೂ!

“ನೋಡಿದೆಯಾ? ರೋಗನಿದಾನ ಮಾಡೋದೇ ವಿದ್ಯೆ. ಮಿಕ್ಕಿದ್ದು ಬರೀ ಟೇಪು,” ಎಂದು ಬೀಗಿದೆ. ಮಹೇಂದ್ರನ ಹೆಸರು ಆಗ ನೆನಪಿಗೆ ಬರಲಿಲ್ಲ.

ಭಾನುವಾರ ಬೀಗರನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಬಂದು ಮನೆಯೆದುರಿನ ಹೊಂಗೆ ನೆರಳಲ್ಲಿ ಕಾರು ನಿಲ್ಲಿಸಿದೆ. “ನೀವು ಇಳೀಬೇಡಿ, ಒಂದೇ ನಿಮಿಷ,” ಎಂದು ನಾನು ಮಾತ್ರ ಇಳಿದೆ. ಅರಮನೆಯ ದರ್ಬಾರಿನ ಬಾಗಿಲು ತೆರೆದಂತೆ ರಿಮೋಟಿನಲ್ಲೇ ತೆರೆಯಬೇಕೆಂದು ನನ್ನ ಆಸೆ. ತೆರೆಯಬೇಕಾದರೆ ಮೊದಲು ಮುಚ್ಚಿರಬೇಕಷ್ಟೆ? ಒತ್ತಿದೆ. ಟಕ್. ನಾಲ್ಕಕ್ಕೂ ಬೀಗ ಬಿತ್ತು. ಮತ್ತೆ ಒತ್ತಿದೆ.

ಸದ್ದಿಲ್ಲ.

ದೂರದಿಂದ ಒತ್ತಿದೆ, ಹತ್ತಿರದಿಂದ ಒತ್ತಿದೆ, ಚಾಮುಂಡಿಯನ್ನು ನೆನೆದು ಒತ್ತಿದೆ. ಒಳಗೆ ಬೀಗರೂ ಬೀಗಿತ್ತಿಯೂ ಆಚೀಚೆಯ ಹಿಡಿ ಎಳೆಯುತ್ತಿದ್ದರು. ಬಾಗಿಲು ಕದಲಲಿಲ್ಲ. (ನಾನು ಒತ್ತಿ ಕೂರಿಸಿದ್ದ ಆ ಪುಟ್ಟ ಕೀಲುಗಳು, ಮಕ್ಕಳು ಒಳಗಿನಿಂದ ಬಾಗಿಲು ತೆಗೆಯದಿರಲೆಂದು ಇಟ್ಟ ಚೈಲ್ಡ್ ಲಾಕ್ ಅಂತೆ. ಆಮೇಲೆ ತಿಳಿಯಿತು.) ಮಗಳ ಮದುವೆ ಗಾಜಿನಾಚೆ ಕೂತು ಬೆವರುತ್ತಿತ್ತು.

ಶಾಮಣ್ಣನವರು ಗಾಜಿನ ಹಿಂದಿನಿಂದ ಏನೋ ಹೇಳಿದರು. ಕೇಳಿಸಲಿಲ್ಲ. ಕೈಮುಗಿದೆ. ಅವರು ಬಲಗೈ ಎತ್ತಿ, ಹೆಬ್ಬೆರಳಿಗೆ ತೋರುಬೆರಳು ಸೇರಿಸಿ, ಮಣಿಕಟ್ಟನ್ನು ತಿರುವಿದರು. ಮತ್ತೆ ತಿರುವಿದರು. ಮೂರನೆಯ ಸಲ ಸಿಟ್ಟಿನಿಂದಲೇ ತಿರುವಿದರು. ಥಟ್ಟನೆ ಅರ್ಥವಾಯಿತು. ಗಂಡಿನ ಕಡೆಯವರು ಮೊದಲ ಸಲ ಮನೆ ಬಾಗಿಲಿಗೆ ಬಂದಿದ್ದಾರೆ, ನಾವೋ ಸಂಪ್ರದಾಯಗೇಡಿಗಳು!

“ಚೂಡಾ! ಬೇಗ ಆರತಿ ತಟ್ಟೆ ತಾರೇ! ಬೀಗರು ಆರತಿ ಕೇಳ್ತಿದಾರೆ!”

ಅವಳು ತಟ್ಟೆ ಹಿಡಿದು ಓಡಿಬಂದಳು. ಕಾರನ್ನು ನೋಡಿದಳು. ಶಾಮಣ್ಣನವರ ಮಣಿಕಟ್ಟನ್ನು ನೋಡಿದಳು. ಕೊನೆಗೆ ನನ್ನನ್ನು ನೋಡಿದಳು.

“ಆರತಿ ಅಲ್ಲ ಕಣ್ರೀ. ಕೀಲಿ ತಿರುಗಿಸಿ ಅಂತಿದಾರೆ!”

ತಟ್ಟೆಯನ್ನು ನನ್ನ ಕೈಗಿಟ್ಟು, ಕೀಲಿ ಕಿತ್ತುಕೊಂಡು, ಡ್ರೈವರ್ ಬಾಗಿಲಿನ ತೂತಿಗೆ ತೂರಿಸಿ ತಿರುಗಿಸಿದಳು. ತೆರೆಯಿತು. ಒಳಗೆ ಬಾಗಿ ಹಿಂದಿನ ಬಾಗಿಲಿನ ಗುಬಟು ಎತ್ತಿ, ಹೊರಗಿನಿಂದ ಹಿಡಿ ಎಳೆದಳು. ಅದೂ ತೆರೆಯಿತು. ಕಾರು ಸ್ಟಾರ್ಟ್ ಮಾಡಲು ದಿನಾ ತಿರುಗಿಸುವ ಕೀಲಿಯೇ ಬಾಗಿಲಿಗೂ ಆಗುತ್ತದೆಂಬುದು ಒಂಬತ್ತು ವರ್ಷದಲ್ಲಿ ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

ಶಾಮಣ್ಣನವರು ಇಳಿದು ಪಂಚೆ ಸರಿಮಾಡಿಕೊಂಡರು. ನಾನು ಆರತಿ ತಟ್ಟೆ ಎತ್ತಿ ಹಿಡಿದೆ. ಸಮನ್ವಿತಾ ಬಾಗಿಲಲ್ಲಿ ಉಗುರು ಕಚ್ಚುತ್ತ ನಿಂತಿದ್ದಳು.

“ವೈರು ಸೇರಿಸಿದಿರಾ?” ಬಾಗಿಲಿನ ಸಂದಿಯ ಟೇಪು ನೋಡಿ ಶಾಮಣ್ಣನವರು ಗಂಭೀರವಾಗಿ ಕೇಳಿದರು.

“ಹೂಂ...”

“ಎರಡನ್ನೂ ಒಂದೇ ಟೇಪಲ್ಲಿ ಸುತ್ತಿದಿರಾ?”

“ಹೂಂ...”

“ಹಾಗಾದ್ರೆ ಶಾರ್ಟ್ ಆಗಿ ಫ್ಯೂಸ್ ಹೋಗಿದೆ. ಒಂದು ಸ್ಕ್ರೂಡ್ರೈವರ್ ಕೊಡಿ!” ಎಂದು ತೋಳು ಮಡಿಸಿದರು. ಅವರ ಮುಖದಲ್ಲಿ ಎಂಥ ಕಳೆ ಅಂತೀರಿ!

ಬೀಗಿತ್ತಿ ಹಣೆ ಚಚ್ಚಿಕೊಂಡರು. “ನಮ್ಮಲ್ಲೂ ಇದೇ ಕಾಯಿಲೆ ಕಣ್ರೀ ಚೂಡಾಮಣಿ! ಗ್ರೈಂಡರ್ ಬಿಚ್ಚಿಟ್ಟು ಹದಿನೈದು ದಿನ ಆಯ್ತು, ದೋಸೆ ಮುಖ ನೋಡಿಲ್ಲ.”

“ಅಯ್ಯೋ, ನಿಮ್ಮಲ್ಲೂನಾ? ಒಳಗೆ ಬನ್ನಿ, ದೋಸೆ ಹುಯ್ದುಕೊಡ್ತೀನಿ!” ಒಂದೇ ಮರದಡಿ ಬೆಳೆದ ಅಕ್ಕತಂಗಿಯರ ಹಾಗೆ ಇಬ್ಬರೂ ಕೈ ಹಿಡಿದುಕೊಂಡು ಹೊರಟೇಹೋದರು.

ನಾವಿಬ್ಬರೂ ಎರಡು ಗಂಟೆ ಕಾಲ ಬಾಗಿಲಿನ ಹೊಟ್ಟೆ ಬಗೆದೆವು. ಹೆಂಡತಿ ಗುಟ್ಟಾಗಿ ಕರೆಸಿದ್ದ ಮಹೇಂದ್ರ ಬಂದು, “ಏನ್ಸಾ ಇದು, ಜೊತೆಗಾರ್ರೂ ಸಿಕ್ಬುಟ್ರಾ?” ಎಂದು ಹತ್ತೇ ನಿಮಿಷದಲ್ಲಿ ಎಲ್ಲ ಸರಿಮಾಡಿದ. ಕೈಯೆಲ್ಲ ಗ್ರೀಸಾಗಿ ಒಳಗೆ ಹೋದರೆ ಮುಹೂರ್ತ ಗೊತ್ತಾಗಿತ್ತು, ಛತ್ರ ಗೊತ್ತಾಗಿತ್ತು, ದೋಸೆ ಹಿಟ್ಟು ಖಾಲಿಯಾಗಿತ್ತು.

“ಅಪ್ಪಾ, ಎಲ್ಲ ಒಪ್ಪಿಗೆ ಆಯ್ತು,” ಎಂದಳು ಸಮನ್ವಿತಾ. “ಅಮ್ಮಂದಿರದು ಒಂದೇ ಷರತ್ತು.”

ಹೆಣ್ಣಿನ ತಂದೆಯಾದ ನಾನು ಮನಸ್ಸಿನಲ್ಲೇ ಪಾಸ್‌ಬುಕ್ ತೆರೆದೆ. “ಏನಮ್ಮ?”

“ಮದುವೆ ದಿನ ಛತ್ರದಲ್ಲಿ ನೀವಿಬ್ಬರೂ ಯಾವ ಸ್ವಿಚ್ಚನ್ನೂ ಮುಟ್ಟಬಾರದು. ಇಲ್ಲಿ ಸೈನ್ ಹಾಕಿ.”

ಶಾಮಣ್ಣನವರು ನನ್ನ ಮುಖ ನೋಡಿದರು. ಆಮೇಲೆ ಹೆಂಡತಿಯ ಕಡೆ ತಿರುಗಿ, ಸಣ್ಣ ದನಿಯಲ್ಲಿ, “ಮೈಕ್‌ದೂ?” ಎಂದು ಕೇಳಿದರು.

“ಮೈಕ್‌ದೂ.”

ಬೀಗರಿಬ್ಬರೂ ಸಹಿ ಹಾಕಿದೆವು.