ಟೊಮೆಟೊ ತೂಗುವ ಕಾಟಾದಲ್ಲಿ ಕೂಸು

ಪುಣೆಯ ಒಂದು ವಾರ್ಡ್ ಕಚೇರಿಯಲ್ಲಿ ಮನೆ ತೆರಿಗೆ ಕಟ್ಟಿಸಿಕೊಳ್ಳುವ ಕಿಟಕಿ ನನ್ನದು. ಜನ ತೆರಿಗೆಯ ಜೊತೆಗೆ ನಗುವನ್ನೂ ತಂದುಕೊಡುತ್ತಾರೆ. ಅವರು ತರದ ದಿನ ಕಚೇರಿಯೇ ಒದಗಿಸುತ್ತದೆ.

೧. ಮ್ಯಾಲಿನವರು

ನಮ್ಮ ಕೆಳಗಿನ ಅಂತಸ್ತಿನಲ್ಲಿ ಪಾಲಿಕೆಯ ದವಾಖಾನೆ. ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಹೆಣ್ಣುಮಕ್ಕಳು ಕೂಸುಗಳನ್ನು ತರುವುದು ಅಲ್ಲಿಗೇ. ಒಂದು ದಿನ ಕೂಸು ತೂಗುವ ಕಾಟಾ ಕೆಟ್ಟಿತು. ದವಾಖಾನೆಯ ಸಿಸ್ಟರ್, ಸೊಲ್ಲಾಪುರದ ಗಟ್ಟಿ ಹೆಂಗಸು, ಮೆಟ್ಟಿಲು ಹತ್ತಿ ನಮ್ಮ ಸಾಹೇಬರ ಮುಂದೆ ನಿಂತಳು. ಮರಾಠಿಯಲ್ಲಿ ಶುರುವಾದ ಜಗಳ ಬಿಸಿಯೇರಿದ ಮೇಲೆ ಕನ್ನಡಕ್ಕೆ ಬಂತು, ಸಾಹೇಬರೂ ವಿಜಯಪುರದವರು.

"ಇಡೀ ವಾರ್ಡಿನ ತೆರಿಗಿ ನೀವ ತಗೋತೀರಿ. ಒಂದು ಕಾಟಾ ಕೊಡಸ್ರಿ."

"ತಗೊಳ್ಳೋದಷ್ಟ ನಮ್ಮ ಕೆಲಸ. ಖರ್ಚು ಮಾಡಾಕ ಮ್ಯಾಲಿನವರು ಹೂಂ ಅನ್ನಬೇಕು."

ಸಿಸ್ಟರ್ ಸೂರು ನೋಡಿದಳು. "ಮ್ಯಾಲ ಗಚ್ಚಿ ಅದರಿ. ಪಾರಿವಾಳ ಬಿಟ್ರ ಯಾರೂ ಇಲ್ಲ. ಅವನ್ನ ಕೇಳಿ ಬರಲೇನು?"

೨. ಬಂಗಲೆಗಳ ದವಾಖಾನೆ

ಇದೇ ವಾರ್ಡಿನ ಬಂಗಲೆಗಳ ಕಡೆ ಪಾಲಿಕೆಯದೇ ಇನ್ನೊಂದು ದವಾಖಾನೆ ಇದೆ. ಮೆತ್ತನೆಯ ಕುರ್ಚಿ, ಎಸಿ, ಎರಡೆರಡು ಕಾಟಾ. ಇಲ್ಲದ್ದು ರೋಗಿಗಳು ಮಾತ್ರ. ಬಂಗಲೆಯವರೆಲ್ಲ ಖಾಸಗಿ ಆಸ್ಪತ್ರೆಗೆ ಹೋಗುತ್ತಾರೆ. ಒಂದು ಕಾಟಾ ಕೇಳಿ ತರೋಣವೆಂದು ಸಿಸ್ಟರ್ ನನ್ನನ್ನೂ ಎಳೆದುಕೊಂಡು ಹೋದಳು.

ಕಾಟಾದ ಮೇಲೆ ಒಂದು ದಪ್ಪ ನಾಯಿ ಗಂಭೀರವಾಗಿ ಕೂತಿತ್ತು.

"ಕೂಸುಗಳು ಬರಂಗಿಲ್ರೀ," ಅಲ್ಲಿಯ ನರ್ಸ್ ನಾಚಿಕೊಂಡಳು. "ಮಷೀನು ಸುಮ್ನ ಬಿದ್ರ ಕೆಡತದ ಅಂತ..."

"ಹಂಗಾದ್ರ ಒಂದು ನಮಗ ಕೊಡ್ರಿ."

"ಮ್ಯಾಲಿನವರು ಹೂಂ ಅನ್ನಬೇಕ್ರೀ."

ಬರಿಗೈಲಿ ಹೊರಬಂದು ಸಿಸ್ಟರ್ ಅಂದಳು: "ಮುಂದಿನ ಜನ್ಮ ಅಂತ ಇದ್ರ ಈ ಓಣಿಯೊಳಗ ನಾಯಿ ಆಗಿ ಹುಟ್ಟಬೇಕು ನೋಡ್ರಿ. ಆರೋಗ್ಯ ಭಾಳ ಚಲೋ ಇರತದ."

೩. ದಪ್ಪಗಾದ ಕೂಸುಗಳು

ಬೇರೆ ದಾರಿಯಿಲ್ಲದೆ, ನಮ್ಮ ಕಚೇರಿಯ ಗೇಟಿನ ಮುಂದೆ ಕಾಯಿಪಲ್ಯೆ ಮಾರುವ ಕಾಕಾನ ಕಾಟಾದಲ್ಲಿ ಕೂಸುಗಳನ್ನು ತೂಗತೊಡಗಿದರು. ಒಂದು ಕಡೆ ಬದನೆಕಾಯಿ, ಇನ್ನೊಂದು ಕಡೆ ಟೊಮೆಟೊ, ನಡುವೆ ಕೂಸು. ಕಾಕಾನ ಕಾಟಾ ಮೊದಲಿನಿಂದಲೂ ಉದಾರಿ. ಮುಕ್ಕಾಲು ಕಿಲೋ ಇಟ್ಟರೆ ಒಂದು ಕಿಲೋ ತೋರಿಸುತ್ತದೆ. ಹಾಗಾಗಿ ಒಂದೇ ತಿಂಗಳಲ್ಲಿ ಕಟ್ಟಡ ಕೆಲಸದವರ ವಸ್ತಿಯ ಕೂಸುಗಳೆಲ್ಲ ಕಾಗದದ ಮೇಲೆ ಗುಂಡಗಾದವು.

ಮೇಲಿನಿಂದ ಫೋನ್ ಬಂತು: ಶಹಬ್ಬಾಸ್. ತೂಕ ಕಡಿಮೆಯಿರುವ ಕೂಸುಗಳಿಗೆ ಕೊಡುವ ಪೌಷ್ಟಿಕ ಹಿಟ್ಟಿನ ಪಾಕೀಟು ಇನ್ನು ಬೇಕಿಲ್ಲ, ನಿಲ್ಲಿಸಿ.

ಕಾಟಾ ಸುಳ್ಳು ಹೇಳುತ್ತಿದೆ ಎಂದು ಸಿಸ್ಟರ್ ಕೂಗಿಕೊಂಡಳು. ನಿಮಗೆ ಒಳ್ಳೆಯ ಸುದ್ದಿಯೇ ಸೇರುವುದಿಲ್ಲ ಎಂದು ಅವರು ಫೋನ್ ಇಟ್ಟರು.

ಯಾದಗಿರಿಯ ತಾಯಿಯೊಬ್ಬಳು ಕಡ್ಡಿಯಂಥ ಮಗಳನ್ನು ಸೊಂಟದ ಮೇಲಿಟ್ಟುಕೊಂಡು ಪಾಕೀಟಿಗೆ ಬಂದವಳು, ಸುದ್ದಿ ಕೇಳಿ ಅಲ್ಲೇ ನಿಂತಳು. ಆ ಹಿಟ್ಟಿನ ಗಂಜಿ ಬಿಟ್ಟರೆ ಕೂಸು ಬೇರೇನೂ ನುಂಗುತ್ತಿರಲಿಲ್ಲ.

"ಯಕ್ಕಾ, ಇಕಿ ದಪ್ಪ ಆಗ್ಯಾಳಂತ. ದಿನಾ ಎತ್ತಿಕೊಳ್ಳಾಕಿ ನಾನು, ನನಗೊಬ್ಬಾಕಿಗೇ ಹೇಳಿಲ್ಲ ನೋಡು."

೪. ಸತ್ಯದ ಕಾಟಾ

ಈ ಪವಾಡ ನೋಡಲು ಮೇಲಿನ ದೊಡ್ಡ ಸಾಹೇಬರೇ ಬಂದರು. ದೂರದಿಂದ ಕೂಸುಗಳನ್ನು ನೋಡಿ ಸಂತೋಷಪಟ್ಟರು. ಹೋಗುವಾಗ ಕಾಕಾನ ಹತ್ತಿರ ಒಂದು ಕಿಲೋ ಟೊಮೆಟೊ ಕೊಂಡರು. ಸಿಸ್ಟರ್ ನನ್ನ ಕೈ ಹಿಡಿದು ಪಿಸುಗುಟ್ಟಿದಳು, "ಸುಮ್ನಿರ್ರಿ. ತಗೊಂಡು ಹೋಗಲಿ."

ಮರುದಿನ ಬೆಳಿಗ್ಗೆ ದೊಡ್ಡ ಸಾಹೇಬರು ಅದೇ ಚೀಲ ಹಿಡಿದು ಬಂದರು. ಮನೆಯ ಕಾಟಾದಲ್ಲಿ ಹೆಂಡತಿ ತೂಗಿ, ಮುಕ್ಕಾಲೇ ಕಿಲೋ ಇರುವುದು ಕಂಡು, ಇದನ್ನೂ ನೋಡಿ ತರಲು ಬರುವುದಿಲ್ಲವೇ ಎಂದು ಕೇಳಿದ್ದರಂತೆ.

"ಹೌದ್ರಿ ಸಾಹೇಬ್ರ," ಅಂದಳು ಸಿಸ್ಟರ್ ಮೆಲ್ಲಗೆ. "ಕೂಸುಗಳೂ ಅಷ್ಟ ಕಡಿಮಿ ಅದಾವ್ರಿ."

ಕೂಸುಗಳಿಗೆ ಸಿಗದ ಹೂಂ ಟೊಮೆಟೊಗೆ ಸಿಕ್ಕಿತು. ಅದೇ ವಾರ ಹೊಸ ಕಾಟಾ ಬಂತು. ಮೊದಲು ಮಲಗಿಸಿದ್ದು ಯಾದಗಿರಿಯ ಕೂಸನ್ನು.

"ಕಡಿಮಿ ಅದಾಳೇನ್ರಿ?" ತಾಯಿ ಉಸಿರು ಹಿಡಿದು ಕೇಳಿದಳು.

"ಭಾಳ ಕಡಿಮಿ."

ತಾಯಿಯ ಮುಖ ಅರಳಿತು. ಸಾಲಿನಲ್ಲಿದ್ದ ಹೆಂಗಸರೆಲ್ಲ ನಕ್ಕರು. ಸಿಸ್ಟರ್ ಅಲ್ಲೇ ಪಾಕೀಟು ತೆಗೆದು ಅವಳ ಮಡಿಲಿಗೆ ಹಾಕಿದಳು.

ಇಷ್ಟು ಹೊತ್ತೂ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಕಾಕಾನಿಗೆ ತಡೆಯಲಾಗಲಿಲ್ಲ.

"ಸಿಸ್ಟರ್, ನಿಮಗ ಯಾರೋ ಮೋಸ ಮಾಡ್ಯಾರ. ಹೋದ ವಾರ ಇದೇ ಕೂಸು ನನ್ನ ಕಡೆ ಎಷ್ಟ್ ಚಲೋ ತೂಗಿತ್ತು. ಈ ಕಾಟಾ ಹೊಳ್ಳಿ ಕೊಟ್ಟುಬಿಡ್ರಿ, ಇಂಥಾದ್ದು ಇಟ್ಕೊಂಡ್ರ ಧಂದಾ ನಡಿಯಂಗಿಲ್ಲ."